ಕೊರೆಯಬಾರದ ನೆಲ

ಫೆಬ್ರವರಿ 3, ಸೋಮವಾರ

ಡಿಪೋ ಮ್ಯಾನೇಜರು ಇವತ್ತು ಕರೆಸಿ, "ಬಾಯಿ ಸ್ವಲ್ಪ ಹಿಡಿತದಲ್ಲಿಟ್ಟುಕೊಳ್ಳಮ್ಮ" ಎಂದರು. ಹರಪನಹಳ್ಳಿ ಬಸ್ಸಿನಲ್ಲಿ ಒಬ್ಬ ಟಿಕೆಟು ತೆಗೆದುಕೊಳ್ಳದೆ ಕೂತಿದ್ದ. ಕೇಳಿದರೆ "ಆಮ್ಯಾಲ ತಗೊಂತೀನಿ, ಹೋಗವ್ವ" ಎಂದು ಕೈ ಬೀಸಿದ. ಬಸ್ಸು ನಿಂತಿತ್ತು. ಅವನ ಚೀಲ ಎತ್ತಿ ರಸ್ತೆಯ ಮೇಲೆ ಇಟ್ಟೆ. ಅವನು ದೂರು ಕೊಟ್ಟಿದ್ದಾನೆ.

ಇನ್ನು ಮೇಲೆ ಬೈಯುವುದಿದ್ದರೆ ಇಲ್ಲಿ ಬೈಯುತ್ತೇನೆ. ಇದು ಮಗಳು ಭೂಮಿಕಾ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕು. ಯಾರೂ ಓದುವುದಿಲ್ಲ.

ಆ ಪ್ರಯಾಣಿಕನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಇರುವುದು ಗಂಡನ ಮೇಲೆ. ಎದುರಿಗೆ ಅವನನ್ನು ರೀ ಎನ್ನುತ್ತೇನೆ, ಇಲ್ಲಿ ಯಾಕೆ ಅನ್ನಬೇಕು. ಹುಲುಗಣ್ಣ ಎಂಬ ಈ ಮನುಷ್ಯ ಬೋರ್ ಕೊರೆಯುವುದರಲ್ಲಿ ನಮ್ಮ ಕಡೆಯೆಲ್ಲ ಹೆಸರುವಾಸಿ. ಕೊಟ್ಟೂರಿನ ಸಾಹುಕಾರ ಪಂಚಾಕ್ಷರಪ್ಪ ತನ್ನ ಬೋರ್ ಗಾಡಿಯನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಕಳಿಸಿದಾಗ ಇವನೂ ಹಿಂದೆ ಹೋದ. ಜೊತೆಗೆ ಕೂಡ್ಲಿಗಿ ಕಡೆಯ ದುರುಗೇಶ್. ಎರಡು ವರ್ಷವಾಯಿತು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ, ಕೈ ಬರುವುದಿಲ್ಲ.

ನಿನ್ನೆ ಅಲ್ಲಿಯ ಅಧ್ಯಕ್ಷ ವಿಮಾನ ಹತ್ತಿ ಓಡಿಹೋದ. ಮೂವತ್ತು ವರ್ಷ ಕುರ್ಚಿ ಬಿಡದೆ ಕೂತವನು. ಕಾಡಿನಿಂದ ಬಂದೂಕು ಹಿಡಿದು ಬಂದವರು ರಾಜಧಾನಿ ಹಿಡಿದಿದ್ದಾರೆ. ಇವನು ಫೋನಿನಲ್ಲಿ ಮದುವೆ ಮನೆಯಿಂದ ಮಾತಾಡುವವನ ಹಾಗೆ, "ಜನ ಬೀದ್ಯಾಗ ಕುಣ್ಯಾಕ ಹತ್ಯಾರ, ನೀ ನೋಡಬೇಕಿತ್ತು" ಎನ್ನುತ್ತಾನೆ.

"ಕುಣಿಯೋರು ಕುಣೀಲಿ. ನೀವು ಇವತ್ತ ಹೊರಡ್ರಿ" ಎಂದೆ.

"ವಿಮಾನ ಎಲ್ಲಿ ಅದಾವ? ಎಲ್ಲ ಬಂದ್" ಎಂದ. ಅದನ್ನೂ ನಗುತ್ತಲೇ ಹೇಳಿದ.

ಫೆಬ್ರವರಿ 6, ಗುರುವಾರ

ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಚಾಲಕನಿಗೆ ಹೇಳಿ ಸಾಹುಕಾರನ ಪೈಪು, ಪಂಪ್‌ಸೆಟ್ ಅಂಗಡಿಗೆ ಹೋದೆ. ಪಂಚಾಕ್ಷರಪ್ಪ ವಿಭೂತಿ ಹಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡ ಕೂಡಲೇ ಅವರ ಬಾಯಲ್ಲಿ ಬಂದದ್ದು, "ಗಾಡಿ ಅವರ ಕೈಗೆ ಸಿಕ್ಕೇತಮ್ಮ" ಎಂಬ ಮಾತು. ಬೋರ್ ಹಾಕುವ ಗುತ್ತಿಗೆ ಕೊಟ್ಟವನು ಓಡಿಹೋದ ಅಧ್ಯಕ್ಷನ ಭಾವಮೈದುನನಂತೆ. ಅವನೂ ಓಡಿದ್ದಾನೆ. ಅವನ ಆಸ್ತಿಯೆಲ್ಲ ಬಂಡುಕೋರರದು, ಅದರೊಳಗೆ ನಮ್ಮ ಗಾಡಿ, ಅವನು ಇಟ್ಟುಕೊಂಡಿದ್ದ ಗಾಡಿಯವರ ಪಾಸ್‌ಪೋರ್ಟು.

"ಗಾಡಿ ಬಿಡ್ರಿ ಸಾವ್ಕಾರ್ರ, ಮನುಷ್ಯಾರು ಯಾವಾಗ ಬರ್ತಾರ?"

"ಗಾಡಿ ಬಿಟ್ಟ ದಿನ ಅವರೂ ಬರ್ತಾರ."

ವಾಪಸ್ಸು ಬರುವಾಗ ದುರುಗೇಶನ ಹೆಂಡತಿ ಹೊನ್ನೂರಮ್ಮ ಬಸ್ಸು ಹತ್ತಿದಳು. ಅವಳೂ ಅಂಗಡಿಗೇ ಬಂದಿದ್ದಳು. ನನ್ನ ಸೀಟಿನ ಪಕ್ಕ ಕೂತು ಊರು ಬರುವವರೆಗೆ ಅತ್ತಳು. ಸೀರೆಯ ಸೆರಗು ನನ್ನ ಟಿಕೆಟ್ ಮಷೀನಿನ ಮೇಲೆ ಬೀಳುತ್ತಿತ್ತು. ಅಳುವ ಹೆಂಗಸರನ್ನು ಕಂಡರೆ ನನಗಾಗುವುದಿಲ್ಲ.

ಫೆಬ್ರವರಿ 14, ಶುಕ್ರವಾರ

ಫೋನ್ ಬಂತು. ಅಲ್ಲಿ ಈಗ ಒಂದು ಮಂಡಳಿ ರಾಜ್ಯ ನಡೆಸುತ್ತದಂತೆ, ಆರು ತಿಂಗಳಲ್ಲಿ ಚುನಾವಣೆಯಂತೆ. ಇವರಿರುವ ಕಡೆಗೆ ಬಂಡುಕೋರರ ಒಬ್ಬ ಕಮಾಂಡರ್. ಕಾಡಿಗೆ ಹೋಗುವ ಮುಂಚೆ ಶಾಲೆಯ ಮೇಷ್ಟ್ರಾಗಿದ್ದನಂತೆ. ಇವರನ್ನು ಕೂರಿಸಿ ಚಹಾ ಕೊಟ್ಟು, "ಹಳ್ಳಿಗಳಿಗೆ ನೀರು ಕೊಡಿ, ನಿಮ್ಮನ್ನು ಮರೆಯುವುದಿಲ್ಲ" ಎಂದನಂತೆ. ಇವನು ಕರಗಿ ಹೋಗಿದ್ದಾನೆ. ಬಂದೂಕು ಹೆಗಲಿಗೆ ಹಾಕಿಕೊಂಡು ಚಹಾ ಕೊಟ್ಟರೆ ಅದು ಉಪಚಾರವೇ?

"ಪಾಸ್‌ಪೋರ್ಟು?"

"ಬರೋ ಶುಕ್ರವಾರ ಕೊಡ್ತೀನಿ ಅಂದಾನ. ಒಳ್ಳೆ ಮನುಷ್ಯ ಅದಾನ. ಅವನ ತಮ್ಮನ್ನ ಹಳೆ ಸರಕಾರದೋರು ಎತ್ತಿಕೊಂಡು ಹೋಗಿದ್ರಂತ, ಇವತ್ತಿಗೂ ಹೆಣ ಸಿಕ್ಕಿಲ್ಲ."

ಊರಿನ ದುಃಖವನ್ನೆಲ್ಲ ಕೇಳುತ್ತಾ ಕೂತಿದ್ದಾನೆ. ಇಲ್ಲಿ ಮಗಳಿಗೆ ಜ್ವರ ಬಂದು ಹೋದದ್ದನ್ನು ಕೇಳಲಿಲ್ಲ.

ಫೆಬ್ರವರಿ 21, ಶುಕ್ರವಾರ

ಕೊಟ್ಟಿಲ್ಲ.

ಮಾರ್ಚ್ 9, ಭಾನುವಾರ

ಭೂಮಿಕಾ ಮೊಬೈಲಿನಲ್ಲಿ ಆ ದೇಶದ ಸುದ್ದಿ ಹುಡುಕಿ ನನಗೆ ಕನ್ನಡದಲ್ಲಿ ಹೇಳುತ್ತಾಳೆ. ಚುನಾವಣೆ ಈಗ ಆರು ತಿಂಗಳಿಗಲ್ಲ, ಒಂದೂವರೆ ವರ್ಷಕ್ಕೆ. ಓಡಿಹೋದವನ ದಂಡನ್ನು ನಡೆಸುತ್ತಿದ್ದ ಹಳೆಯ ಜನರಲ್‌ನನ್ನೇ ಮಂಡಳಿಗೆ ಸೇರಿಸಿಕೊಂಡಿದ್ದಾರೆ. ಅವನಿಲ್ಲದಿದ್ದರೆ ದಂಡು ಎರಡಾಗುತ್ತದಂತೆ.

"ಮತ್ತ ಯಾರನ್ನ ಓಡಿಸಿದ್ರವ್ವ ಇವರು?" ಎಂದು ಭೂಮಿಕಾ ಕೇಳಿದಳು. ನನಗೇನು ಗೊತ್ತು. ಯಾರಾದರೂ ಆಳಲಿ, ಪಾಸ್‌ಪೋರ್ಟು ಕೊಡಲಿ. ಹಳೆಯವನೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಇವನು ರಜೆಗೆ ಬಂದಿರುತ್ತಿದ್ದ.

ಸಂಜೆ ಇವನ ಫೋನು. ಯಾವುದೋ ಹಳ್ಳಿಯಲ್ಲಿ ಬೋರಿನಿಂದ ನೀರು ಚಿಮ್ಮಿದಾಗ ಒಬ್ಬ ಮುದುಕಿ ಬಂದು ಒದ್ದೆ ಕೈಯನ್ನು ಇವನ ತಲೆಯ ಮೇಲೆ ಇಟ್ಟಳಂತೆ. ಹೇಳುವಾಗ ದನಿ ಭಾರವಾಗಿತ್ತು. ಕುಣಿಯುತ್ತಿದ್ದ ಜನ ಈಗ ಬಾಯಿ ಬಿಡುವುದಿಲ್ಲ, ಹಳೆಯ ಪೊಲೀಸರೇ ಹೊಸ ಟೋಪಿ ಹಾಕಿಕೊಂಡು ಬಂದಿದ್ದಾರೆ ಎಂದ. ನಾನು "ಹೂಂ" ಎಂದೆ. ಮುದುಕಿಯ ಕೈಯ ಸುದ್ದಿ ನನಗೆ ಯಾಕೆ?

ಹೊನ್ನೂರಮ್ಮ ಈಗ ನನ್ನ ಡ್ಯೂಟಿ ಯಾವ ಕಡೆಗೆ ಎಂದು ಡಿಪೋದಲ್ಲಿ ವಿಚಾರಿಸಿಕೊಂಡು ಬಸ್ಸು ಹತ್ತುತ್ತಾಳೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಯಾರು ಬೇಡವೆನ್ನುತ್ತಾರೆ. ನನ್ನ ಪಕ್ಕದಲ್ಲೇ ಕೂರುತ್ತಾಳೆ.

ಮಾರ್ಚ್ 20, ಗುರುವಾರ

ಒಂದು ವಾರದಿಂದ ಫೋನಿಲ್ಲ. ಇವತ್ತು ಪಂಚಾಕ್ಷರಪ್ಪನೇ ಫೋನು ಮಾಡಿದ. "ನಿನ್ನ ಗಂಡ ಅರ್ಧಕ್ಕ ಕೆಲಸ ನಿಲ್ಲಿಸ್ಯಾನ. ಕೊರಿಯಂಗಿಲ್ಲ ಅಂತ ಕಮಾಂಡರ್ ಎದುರಿಗೆ ನಿಂತಾನ. ಕರಕೊಂಡು ಹೋಗಿ ಒಳಗ ಹಾಕ್ಯಾರ. ದುರುಗೇಶ್‌ಗ ಗಾಡಿ ನಡಿಸಾಕ ಬರಂಗಿಲ್ಲ, ಅವನ್ನ ಬಿಟ್ಟಾರ."

ಫೋನು ಇಟ್ಟೆ. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಯಾರು ಎಲ್ಲಿ ತೋರಿಸಿದರೂ ಕೊರೆದಿದ್ದಾನೆ. ಗೌಡರ ಹೊಲದಲ್ಲಿ, ಗುಡಿಯ ಅಂಗಳದಲ್ಲಿ, ನೀರು ಬರುವುದಿಲ್ಲವೆಂದು ತನಗೇ ಗೊತ್ತಿದ್ದ ಕಲ್ಲುಭೂಮಿಯಲ್ಲಿ. ಆಗೆಲ್ಲ ಇಲ್ಲದ ಹಟ ಪರದೇಶದಲ್ಲಿ, ಬಂದೂಕಿನ ಮುಂದೆ ಬಂತೇ? ಗಂಡಸುತನ ತೋರಿಸಲು ಬೇರೆ ಜಾಗ ಸಿಗಲಿಲ್ಲವೇ? ಹೆಂಡತಿ ಮಗಳು ಇದ್ದಾರೆಂಬ ನೆನಪು ಆ ಹೊತ್ತಿಗೆ ಎಲ್ಲಿ ಹೋಗಿತ್ತು?

ಭೂಮಿಕಾ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಳೆ. ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ.

ಮಾರ್ಚ್ 24, ಸೋಮವಾರ

ದುರುಗೇಶ್ ಬಂದಿದ್ದಾನೆ. ರಜೆ ಹಾಕಿ ಕೂಡ್ಲಿಗಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಹಳ್ಳಿಗೆ ಹೋದೆ. ಗಂಡ ಬಂದ ಮನೆಯಲ್ಲಿ ಹೊನ್ನೂರಮ್ಮ ನಗುವುದನ್ನೂ ನಾಚಿಕೆ ಎಂದುಕೊಂಡವಳಂತೆ ನನ್ನ ಮುಂದೆ ತಲೆ ತಗ್ಗಿಸಿದಳು. ನೀರು ಕೊಟ್ಟು ಪಕ್ಕಕ್ಕೆ ಕೂತಳು.

ನಾನು ಬೈಯಲೆಂದೇ ಹೋಗಿದ್ದೆ. "ಅವರು ಹಟ ಮಾಡಿದ್ರ ನೀನರ ಹೇಳಬಾರದಿತ್ತೇನು? ಏನಾಗಿತ್ತು ಕೊರಿಯಾಕ?"

ದುರುಗೇಶ್ ಸೊರಗಿದ್ದಾನೆ. ಹೇಳಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದ. ಆಮೇಲೆ ಹೇಳಿದ.

"ಅದು ಹಳೆ ದಂಡಿನೋರು ಇರ್ತಿದ್ದ ಜಾಗ ಅಕ್ಕ. ಹಿಂದ ದೊಡ್ಡ ಬಯಲು ಐತಿ. ಮನಿ ಕಳಕೊಂಡ ಜನ ಅದರ ಪಕ್ಕಕ್ಕ ಡೇರೆ ಹಾಕ್ಕೊಂಡಾರ. ಕುಡ್ಯಾಕ ನೀರಿಲ್ಲ. ಬಯಲಾಗ ಗೂಟ ಬಡದು, ಇಲ್ಲೇ ಬೋರ್ ಹಾಕ್ರಿ ಅಂದ್ರು. ಗಾಡಿ ನಿಲ್ಲಿಸಿ ಶುರು ಮಾಡಿದ್ವಿ. ಬೇಲಿ ಆಚಿ ಒಂದಿಷ್ಟು ಹೆಂಗಸರು ಬಂದು ನಿಂತ್ರು. ಒಬ್ಬಾಕಿ ಕೈ ಮುಗಿದ್ಲು. ನಾ ನೀರಿಗೆ ಬಂದಾರ ಅಂದ್ಕೊಂಡೆ."

"ಆಮ್ಯಾಲ?"

"ಹತ್ತಡಿನೂ ಹೋಗಿರ್ಲಿಲ್ಲ. ಮಷೀನಿನ ಗಾಳಿಗೆ ಮಣ್ಣು ಮ್ಯಾಲ ಬರತೈತಲ್ಲ, ಅದರ ಕೂಡ ಬಟ್ಟಿ ಬಂತು. ಕಸ ಹೂತಾರ ಅಂದೆ. ಅಣ್ಣ ಬಗ್ಗಿ ಕೈಯಾಗ ಹಿಡದು ನೋಡಿದ. ಅಂಗಿ ತೋಳು. ಗುಂಡಿ ಹಾಕಿದ್ದು ಹಾಕಿದಂಗ ಇತ್ತು."

ಅಲ್ಲಿಗೆ ನಿಲ್ಲಿಸಿದ. "ಬರೇ ಬಟ್ಟಿ ಅಲ್ಲ ಅಕ್ಕ" ಎಂದ. ನಾನು ಕೇಳಲಿಲ್ಲ.

"ಅಣ್ಣ ಮಷೀನ್ ಬಂದ್ ಮಾಡಿದ. ಬಂದಾದ ಮ್ಯಾಲ ಆ ಹೆಂಗಸರು ಅಳೋದು ಕೇಳಿಸ್ತು. ಅಲ್ಲೀತನ ನಮ್ಮ ಸದ್ದಿಗೆ ಕೇಳಿಸೇ ಇರ್ಲಿಲ್ಲ. ಕಮಾಂಡರ್ ಬಂದು ನೋಡಿದ. ಅವನ ಮುಖದಾಗ ರಕ್ತ ಇರ್ಲಿಲ್ಲ. ಆದ್ರೂ ಅಂದ, ಬದುಕಿರೋರಿಗೆ ನೀರು ಬೇಕು, ಕೊರಿ ಅಂತ. ಅಣ್ಣ, ಆ ಮೂಲ್ಯಾಗ ಹಾಕ್ತೀನಿ, ಅಲ್ಲೂ ನೀರು ಬೀಳತೈತಿ ಅಂದ. ಆಗಂಗಿಲ್ಲಂತ. ಜಾಗ ಗೊತ್ತು ಮಾಡಿದೋನು ಹಳೆ ದಂಡಿನ ಆ ಜನರಲ್ ಅಂತ. ಬೋರ್ ಆದ ಮ್ಯಾಲ ಅಲ್ಲೇ ನೀರಿನ ಟಾಕಿ, ಸುತ್ತ ಕಾಂಕ್ರೀಟ್ ಹಾಕಿ ಮನಿ. ಆಮ್ಯಾಲ ಅಲ್ಲಿ ಯಾರು ಅಗೀತಾರ?"

"ಇವರು ಏನಂದ್ರು?"

"ಗಾಡಿ ಕೀಲಿ ತಗದು ಕಮಾಂಡರ್ ಕೈಯಾಗ ಇಟ್ಟ. ನೀನ ಕೊರ್ಕೊ ಅಂದ."

ಹೊನ್ನೂರಮ್ಮ ರೊಟ್ಟಿ ಬಡಿದಳು. ನನಗೂ ದುರುಗೇಶನಿಗೂ ಇಳಿಯಲಿಲ್ಲ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕೈ ನಿಂತಿತು. ಡ್ಯೂಟಿಗೆ ತಡವಾಯಿತು. ಇವತ್ತು ಯಾರನ್ನೂ ಬೈಯಲಿಲ್ಲ. ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಏಪ್ರಿಲ್ 4, ಶುಕ್ರವಾರ

ಪಂಚಾಕ್ಷರಪ್ಪ ಕಾರು ಮಾಡಿಕೊಂಡು ಮನೆಗೇ ಬಂದ. ಭೂಮಿಕಾ ಕುರ್ಚಿ ಹಾಕಿದಳು.

"ದಾರಿ ಸಿಕ್ಕೇತಿ" ಎಂದ. "ಅಲ್ಲಿದ್ದ ಬೇರೆ ಬೋರ್ ಗಾಡಿಯೋರೆಲ್ಲ ಓಡಿಹೋಗ್ಯಾರ. ಇರೋದು ನಮ್ಮದೊಂದ. ಗಾಡಿ ನಡಿಸೋ ಇನ್ನೊಬ್ಬನ್ನ ಕಳಿಸ್ರಿ, ಅದೇ ಜಾಗದಾಗ ಬೋರ್ ಮುಗಿಸಿಕೊಟ್ರ ಗಾಡಿನೂ ಬಿಡ್ತೀವಿ, ಹುಲುಗಣ್ಣನ್ನೂ ಬಿಡ್ತೀವಿ ಅಂದಾರ."

ಕಳಿಸಬೇಕೆಂದಿರುವುದು ಹಂಪಸಾಗರದ ರಾಮಾಂಜನೇಯನನ್ನು. ನನ್ನ ಗಂಡನ ಕೈಕೆಳಗೆ ಕೆಲಸ ಕಲಿತವನು. ಅವನು ಹಿಂದೆ ಮುಂದೆ ನೋಡುತ್ತಿದ್ದಾನಂತೆ.

"ನೀ ಹೇಳಿದ್ರ ಇಲ್ಲ ಅನ್ನಂಗಿಲ್ಲ. ಕೂಲಿ ವಿಷಯಕ್ಕ ಜಗಳ ಆಗಿತ್ತು ಅಂತ ಅವನಿಗೆ ನಾ ಹೇಳೀನಿ. ನೀನೂ ಅಷ್ಟ ಹೇಳು."

ಭೂಮಿಕಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆಗಲಿ ಎಂದೆ. ಸಂತೋಷವಾಯಿತು. ನನ್ನದಲ್ಲದ ದೇಶ, ನನ್ನವರಲ್ಲದ ಹೆಣಗಳು. ನನ್ನ ಗಂಡ ಬದುಕಿದ್ದಾನೆ, ಅವನು ಮನೆಗೆ ಬರಬೇಕು. ಇದರಲ್ಲಿ ತಪ್ಪೇನಿದೆ?

ಏಪ್ರಿಲ್ 6, ಭಾನುವಾರ

ಹಂಪಸಾಗರಕ್ಕೆ ಹೋಗಿ ಬಂದೆ. ಹೋಗಿದ್ದು ಒಂದು ಹೇಳಲು, ಹೇಳಿ ಬಂದದ್ದು ಇನ್ನೊಂದು. ನನ್ನ ತಲೆಗೆ ನಾನೇ ಕಲ್ಲು ಹಾಕಿಕೊಂಡು ಬಂದಿದ್ದೇನೆ.

ರಾಮಾಂಜನೇಯ ಎಮ್ಮೆಗೆ ಮೇವು ಹಾಕುತ್ತಿದ್ದ. ಕೈ ತೊಳೆದುಕೊಂಡು ಬಂದು ಎದುರಿಗೆ ಕೂತ. ಅವನ ಹೆಂಡತಿ ಬಾಣಂತಿ, ಒಳಗಿನಿಂದ ಮಗುವಿನ ಸದ್ದು ಬರುತ್ತಿತ್ತು.

"ಸಾವ್ಕಾರ್ರು ಎಲ್ಲ ಹೇಳ್ಯಾರಕ್ಕ. ನೀವು ಹೋಗು ಅಂದ್ರ ನಾಳೇನ ಹೊರಡ್ತೀನಿ. ಅಣ್ಣ ನನಗ ಅನ್ನ ಕೊಡೋ ಕೆಲಸ ಕಲಿಸ್ಯಾನ. ಒಂದ ಮಾತು ಕೇಳ್ತೀನಿ. ಕೂಲಿಗೆ ಅಂತ ಅಣ್ಣ ನಡುವ ಗಾಡಿ ನಿಲ್ಲಿಸೋನಲ್ಲ. ಯಾಕ ನಿಲ್ಲಿಸಿದ?"

ಕೂಲಿಗೇ ಎನ್ನಬೇಕಿತ್ತು. ಒಂದು ಮಾತು. ಬಾಯಿ ತೆಗೆದೆ, ಅಂಗಿಯ ತೋಳಿನ ಕಥೆ ಬಂತು. ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಬೇಲಿಯ ಆಚೆ ನಿಂತವರು, ಕೈ ಮುಗಿದವಳು, ಜನರಲ್, ಕಾಂಕ್ರೀಟು, ಎಲ್ಲ ಹೇಳಿಬಿಟ್ಟೆ. ಅವನು ನೆಲ ನೋಡುತ್ತಾ ಕೇಳಿದ.

"ಈಗ ಹೇಳ್ರಕ್ಕ. ಹೋಗಲೇನು?"

"ಹೋಗಬ್ಯಾಡ."

"ಅಣ್ಣಗ?"

"ಅದನ್ನ ನನ್ನ ಏನು ಕೇಳ್ತಿ? ಹೋಗಬ್ಯಾಡ ಅಂದ್ರ ಹೋಗಬ್ಯಾಡ" ಎಂದು ಗದರಿಸಿ ಎದ್ದು ಬಂದೆ. ಅವನ ಹೆಂಡತಿ ಕುಂಕುಮ ಕೊಡಲು ಕರೆದದ್ದು ಬೀದಿಯಲ್ಲಿ ಕೇಳಿಸಿತು, ತಿರುಗಿ ನೋಡಲಿಲ್ಲ.

ಅವರು ಅಲ್ಲಿ ಯಾವ ಕೋಣೆಯಲ್ಲಿದ್ದಾರೋ, ಉಂಡಿದ್ದಾರೋ ಇಲ್ಲವೋ. ನಾನು ಅವರ ಬಾಗಿಲಿಗೆ ಹೊರಗಿನಿಂದ ಇನ್ನೊಂದು ಅಗಳಿ ಹಾಕಿದೆ.

ಏಪ್ರಿಲ್ 8, ಮಂಗಳವಾರ

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಪಂಚಾಕ್ಷರಪ್ಪ ನನಗಾಗಿ ಕಾದು ನಿಂತಿದ್ದ. ಜನರ ಮುಂದೆಯೇ ಶುರು ಮಾಡಿದ.

"ತಾಳಿ ಕಟ್ಟಿದ ಗಂಡಗ ಯಾರರ ಹಿಂಗ ಮಾಡ್ತಾರೇನು? ನಿನಗ ಅಲ್ಲಿಯೋರು ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಮತ್ಯಾಕ?"

"ನಿಮ್ಮ ಗಾಡಿ ಎಲ್ಲಾರ ಹೊಲದಾಗ ಕೊರದೈತಿ ಸಾವ್ಕಾರ್ರ. ನಿಮ್ಮ ಅಪ್ಪನ್ನ ಹೂಳಿದ ಗದ್ದಿಗಿ ಮ್ಯಾಲ ಗೂಟ ಬಡದು, ಇಲ್ಲೇ ನೀರು ಐತಿ ಅಂದ್ರ ಕೊರಸ್ತೀರೇನು?"

ಅವನು ಕೈ ಎತ್ತಿದವನು ಇಳಿಸಿದ. ಚಾಲಕ ಹಾರನ್ ಹೊಡೆದ. ನಾನು ಸೀಟಿ ಊದಿದೆ. ಈ ಸಲ ದೂರು ಹೋದರೆ ಹೋಗಲಿ.

ಮನೆಯಲ್ಲಿ ಭೂಮಿಕಾಳಿಗೆ ಗೊತ್ತಾಗಿದೆ. "ಅಪ್ಪ ಬರೋದನ್ನ ನೀನ ತಪ್ಪಿಸಿದಿ" ಎಂದಳು. ಅಷ್ಟೇ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಇವಳ ಮೇಲೂ ಸಿಟ್ಟು ಬರುತ್ತದೆ, ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಬರುತ್ತದೆ.

ಏಪ್ರಿಲ್ 19, ಶನಿವಾರ

ಭೂಮಿಕಾ ಮಾತಾಡುತ್ತಿಲ್ಲ. ಸುದ್ದಿ ಓದಿ ಹೇಳುವವರಿಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ನಾನೇ ಓದಲು ನೋಡಿದೆ. ಚುನಾವಣೆ ಮೂರು ವರ್ಷಕ್ಕೆ ಹೋಗಿದೆ ಎಂಬುದಷ್ಟು ತಿಳಿಯಿತು. ಮೂರು ವರ್ಷ. ನಾಚಿಕೆಗೆಟ್ಟವರು. ಕುಣಿದ ಜನರ ಕಾಲಿನ ಧೂಳು ಇನ್ನೂ ಇಳಿದಿಲ್ಲ.

ಮೇ 6, ಮಂಗಳವಾರ

ಹೊಸಪೇಟೆಗೆ ಹೋಗಿ, ಅವರನ್ನು ಬಿಡಿಸಿಕೊಡಿ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮನವಿ ಕೊಟ್ಟು ಬಂದೆವು. ಹೊನ್ನೂರಮ್ಮ ತಾನಾಗಿಯೇ ಬಂದಳು. "ನಿನ್ನ ಗಂಡ ಬಂದಾನಲ್ಲ, ನಿನಗ್ಯಾಕ ಈ ಬಿಸಲು" ಎಂದೆ. "ಅಣ್ಣ ಕೀಲಿ ಕೊಟ್ಟಾಗ ಇವರು ಪಕ್ಕದಾಗ ನಿಂತಿದ್ರು. ಇವರಿಗೆ ನಿದ್ದಿ ಬರಂಗಿಲ್ಲಕ್ಕ" ಎಂದಳು. ಮೇಜಿನ ಹಿಂದಿದ್ದ ಹುಡುಗ ದೆಹಲಿಗೆ ಬರೆಯುತ್ತೇವೆ ಎಂದ. ಹೋದ ತಿಂಗಳೂ ಅದನ್ನೇ ಫೋನಿನಲ್ಲಿ ಹೇಳಿದ್ದರು. ನಾನು ಬಾಯಿ ತೆಗೆಯುವ ಮುಂಚೆ ಹೊನ್ನೂರಮ್ಮ ಕುರ್ಚಿ ಎಳೆದು ಕೂತಳು. "ಬರೀರಿ. ನೀವು ಬರಿಯೋದು ನೋಡಿಕೊಂಡು ಹೋಗ್ತೀವಿ" ಎಂದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅವನು ಬರೆದ.

ಮೇ 23, ಶುಕ್ರವಾರ

ಊಟಕ್ಕೆ ಕೂತಾಗ ಭೂಮಿಕಾ ಮೊಬೈಲನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಪರದೆಯಲ್ಲಿ ಒಂದು ಬೇಲಿ, ಬೇಲಿಯ ಉದ್ದಕ್ಕೂ ಹೆಂಗಸರು ಕೂತಿದ್ದಾರೆ. ಮಡಿಲಲ್ಲಿ ಗಂಡಸರ ಫೋಟೋ.

"ಅಪ್ಪ ನಿಲ್ಲಿಸಿದ ಜಾಗ ಇದಾ ಇರಬೇಕವ್ವ. ಪರದೇಶದ ಬೋರಿನವನೊಬ್ಬ ಕೊರಿಯಂಗಿಲ್ಲ ಅಂದಾಗಿಂದ ಇವರು ಮನಿಗೆ ಹೋಗಿಲ್ಲಂತ ಬರದಾರ. ಹೆಸರು ಹಾಕಿಲ್ಲ."

ದಿನದಿನಕ್ಕೆ ಹೆಚ್ಚಾಗಿದ್ದಾರಂತೆ. ಮಂಡಳಿ ತಾಳಲಾರದೆ ವಿಚಾರಣೆಗೆ ಒಂದು ಸಮಿತಿ ಮಾಡಿದೆ. ಸಮಿತಿಯನ್ನು ಜನರಲ್ ಒಪ್ಪಿಲ್ಲ. ಆ ಕಮಾಂಡರ್‌ನನ್ನು ಕೆಲಸದಿಂದ ತೆಗೆದಿದ್ದಾರೆ, ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಮೇಷ್ಟ್ರಾಗಿಯೇ ಇರಬಾರದಿತ್ತೇ ಆ ಮನುಷ್ಯ.

ಭೂಮಿಕಾ ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ತೋರಿಸಿದಳು. ಸಾರು ಆರಿಹೋಯಿತು.

ಜೂನ್ 8, ಭಾನುವಾರ

ಫೋನ್ ಬಂತು. ಗೊತ್ತಿಲ್ಲದ ನಂಬರು. "ಅಂಜಿನಿ" ಎಂದು ನನ್ನ ಹೆಸರು ಹಿಡಿದು ಕರೆದರು. ದನಿ ಒಡೆದಿತ್ತು, ಆದರೆ ಅವರದೇ. ಭೂಮಿಕಾ ಓಡಿ ಬಂದು ಫೋನಿಗೆ ಕಿವಿ ಹಚ್ಚಿದಳು.

ಬಿಟ್ಟಿದ್ದಾರೆ. ಸಮಿತಿ ಆದ ಮೇಲೆ ಒಳಗೆ ಇಟ್ಟುಕೊಳ್ಳಲು ಆಗಲಿಲ್ಲವಂತೆ. ಪಾಸ್‌ಪೋರ್ಟು ಕೈಯಲ್ಲಿದೆ. ರಾಯಭಾರ ಕಚೇರಿಯವರು ಬರುವ ಗುರುವಾರದ ವಿಮಾನಕ್ಕೆ ಟಿಕೆಟು ಮಾಡಿಸಿದ್ದಾರೆ.

"ಸಿಟ್ಟಾಗೀಯೇನು?" ಎಂದರು.

"ಆಗೀನಿ. ಮೈಯಾಗ ಹೆಂಗೈತಿ? ಹೊಡದಾರೇನು?"

"ಮೊದಮೊದಲು. ಈಗ ಆರಾಮ ಅದೀನಿ."

"ಆ ಹೆಂಗಸರು ಇನ್ನೂ ಕುಂತಾರೇನ್ರಿ?"

"ನಿನಗ ಅವರು ಹೆಂಗ ಗೊತ್ತು?" ಎಂದರು.

"ಕುಂತಾರೋ ಇಲ್ಲೋ ಹೇಳ್ರಿ."

"ಕುಂತಾರ. ನಿನ್ನೆ ಅವರಾಗ ಒಬ್ಬಾಕಿ ಬಂದಿದ್ಲು. ಸಮಿತಿ ಮುಂದಿನ ತಿಂಗಳು ಕೂಡತೈತಿ, ಮಣ್ಣಾಗ ಬಂದದ್ದನ್ನ ಕೈಯಾಗ ಹಿಡದು ನೋಡಿದೋನು ನೀನೊಬ್ಬನ, ನೀ ಹೇಳಿದ್ರ ಅಗಸ್ತಾರ ಅಂದ್ಲು. ನಾ ಏನು ಹೇಳ್ಲಿ? ನನಗ ಮನಿ ಐತಿ ಅಂದೆ."

"ದುರುಗೇಶನೂ ನೋಡ್ಯಾನಲ್ಲ."

"ಅವನು ಇಲ್ಲಿಲ್ಲ. ಇಲ್ಲಿ ಇದ್ದು ಹೇಳಬೇಕಂತ."

ಭೂಮಿಕಾ ನನ್ನನ್ನೇ ನೋಡುತ್ತಿದ್ದಳು. ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು.

"ಹೇಳಿ ಬರ್ರಿ" ಎಂದೆ.

"ಏನು?"

"ಕಂಡದ್ದನ್ನ ಹೇಳಿ ಬರ್ರಿ. ಆ ರಾಯಭಾರದೋರ ಹತ್ರಾನ ಇರ್ರಿ, ಒಬ್ಬರ ಎಲ್ಲೂ ಹೋಗಬ್ಯಾಡ್ರಿ. ಹೇಳಿದ ದಿನಾನ ವಿಮಾನ ಹತ್ರಿ. ಒಂದು ದಿನ ಹೆಚ್ಚಾತಂದ್ರ ನೋಡ್ರಿ ಮತ್ತ."

"ಹೂಂ" ಎಂದರು. ಮಗಳ ಕೈಗೆ ಫೋನು ಕೊಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಕೂತ ಕೂಡಲೇ ಓಡಿಹೋಗಿ ಫೋನು ಕಸಿದುಕೊಂಡು, ಬೇಡ, ಗುರುವಾರವೇ ಬನ್ನಿ ಎನ್ನಬೇಕೆನಿಸಿತು. ಒಳಗೆ ಭೂಮಿಕಾ ಅಪ್ಪನಿಗೆ ಏನೋ ಹೇಳಿ ನಗುತ್ತಿದ್ದಳು. ಏಳಲಿಲ್ಲ.

ಒಂದು ತಿಂಗಳು. ಆ ಮಂಡಳಿ ಅಲ್ಲಿಯವರೆಗೆ ಇರುತ್ತದೋ, ಜನರಲ್ ಎಲ್ಲರನ್ನೂ ನುಂಗುತ್ತಾನೋ, ಯಾರು ಬಲ್ಲರು. ಮಾತು ತಪ್ಪಿದ ಸರಕಾರ, ಸುಳ್ಳು ಸರಕಾರ. ಹಾಳಾಗಿ ಹೋಗುವುದಿದ್ದರೆ ಇವರು ಹೇಳಿ ಮುಗಿಸಿದ ಮೇಲೆ ಹೋಗಲಿ.